ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿ

1992-93ರಲ್ಲಿ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ದೇಶದ ಹೆರಿಗೆಗಳಲ್ಲಿ ಸುಮಾರು ಕಾಲುಭಾಗ ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಐದನೇ ಸಮೀಕ್ಷೆಯ ಹೊತ್ತಿಗೆ ಅದು ಶೇ. 89ಕ್ಕೆ ಏರಿತು, ಕರ್ನಾಟಕದಲ್ಲಂತೂ ಶೇ. 97. ತಾಯಂದಿರ ಸಾವೂ ಇಳಿದಿದೆ. 2001-03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಸಂಖ್ಯೆ 69. ಜನನಿ ಸುರಕ್ಷಾ ಯೋಜನೆ, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು, ಕರೆದಾಗ ಬರುವ 108 ವಾಹನ, ಬಸುರಿಯ ತಪಾಸಣೆಗಳನ್ನು ದಾಖಲಿಸುವ ತಾಯಿ ಕಾರ್ಡ್ ಎಲ್ಲವೂ ಸೇರಿ ಮಾಡಿದ ದೊಡ್ಡ ಕೆಲಸ ಇದು. ಆದರೆ ಈ ಅಂಕಿಗಳು ಬಸುರಿ ಆಸ್ಪತ್ರೆ ತಲುಪಿದಳೇ, ಬದುಕಿ ಹೊರಬಂದಳೇ ಎಂಬುದನ್ನಷ್ಟೇ ಹೇಳುತ್ತವೆ. ಒಳಗೆ ಹೋದ ಮೇಲೆ ಅವಳನ್ನು ಹೇಗೆ ನೋಡಿಕೊಂಡರು ಎಂಬುದು ಯಾವ ಕಾಲಂನಲ್ಲೂ ಇಲ್ಲ. ಅದನ್ನು ನಾವು ನಯವಿನಯದ ವಿಷಯವೆಂದು, ಇದ್ದರೆ ಒಳ್ಳೆಯದು ಇಲ್ಲದಿದ್ದರೂ ನಡೆಯುತ್ತದೆ ಎಂದು ಬದಿಗಿಟ್ಟಿದ್ದೇವೆ. ಹಾಗಲ್ಲ, ಅದು ಚಿಕಿತ್ಸೆಯದೇ ಒಂದು ಭಾಗ ಎಂಬುದು ಈ ಅಧ್ಯಾಯದ ವಾದ. ಅದನ್ನು ಸರಿಪಡಿಸಲು ಕೈಗೆಟುಕುವ ಮೊದಲ ಹೆಜ್ಜೆಯೆಂದರೆ, ಬೇನೆ ತಿನ್ನುವ ಹೆಂಗಸಿನ ಪಕ್ಕದಲ್ಲಿ ಅವಳು ಬಯಸಿದ ಒಬ್ಬರನ್ನು ಇರಗೊಡುವುದು.

ಹೆರಿಗೆ ಕೋಣೆಯ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎತ್ತರದ ಕಬ್ಬಿಣದ ಟೇಬಲ್. ಅದರ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ಎತ್ತಿಟ್ಟುಕೊಂಡು ಗಂಟೆಗಟ್ಟಲೆ ಕಾಯಬೇಕು. ಪಕ್ಕದ ಟೇಬಲ್ಲಿನ ಹೆಂಗಸಿಗೂ ತನಗೂ ನಡುವೆ ಪರದೆ ಇರಬಹುದು, ಇಲ್ಲದಿರಬಹುದು. ಕರೆದುಕೊಂಡು ಬಂದ ತಾಯಿಯೋ ಅತ್ತೆಯೋ ಬಾಗಿಲಾಚೆ ಉಳಿದಿದ್ದಾರೆ. ಯಾರೋ ಬಂದು ಕೈ ಹಾಕಿ ಪರೀಕ್ಷಿಸುತ್ತಾರೆ. ಎಷ್ಟು ತೆರೆದಿದೆ ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ, ಅವಳಿಗೆ ಹೇಳುವುದಿಲ್ಲ. ಕೂಗಿಕೊಂಡರೆ ಗದರಿಕೆ, ಕೆಲವೊಮ್ಮೆ ಬಸುರಾಗಿದ್ದಕ್ಕೇ ಹಂಗಿಸುವ ಮಾತು. ಇದು ನಮ್ಮೊಬ್ಬರ ನಾಡಿನ ಕಾಯಿಲೆಯಲ್ಲ. ಘಾನಾ, ಗಿನಿ, ನೈಜೀರಿಯಾ ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2016 ಹೆರಿಗೆಗಳನ್ನು ಕಣ್ಣಾರೆ ಗಮನಿಸಿ 2019ರಲ್ಲಿ ವರದಿ ಮಾಡಿದರು. ಅವರಲ್ಲಿ 838 ಹೆಂಗಸರು, ಅಂದರೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ, ಹೊಡೆತ, ಬೈಗುಳ ಅಥವಾ ತಾರತಮ್ಯವನ್ನು ಅನುಭವಿಸಿದ್ದರು. ಹೆರಿಗೆಯ ದಾರಿ ಅಗಲಿಸಲು ಕತ್ತರಿ ಹಾಕಿದ ಹೆರಿಗೆಗಳಲ್ಲಿ ಮುಕ್ಕಾಲು ಪಾಲು ತಾಯಿಯ ಒಪ್ಪಿಗೆ ಕೇಳದೆ ನಡೆದಿದ್ದವು. ದುರ್ವರ್ತನೆ ಅತಿ ಹೆಚ್ಚಾಗಿದ್ದು ಮಗು ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚಿನಿಂದ ಹುಟ್ಟಿದ ಕಾಲು ಗಂಟೆಯವರೆಗೆ. ಅವಳಿಗೆ ಧೈರ್ಯ ಬೇಕಾದ ಗಳಿಗೆಯೂ ಅದೇ.

ಧೈರ್ಯ ಎನ್ನುವುದು ಇಲ್ಲಿ ಭಾವನೆಯ ಮಾತಷ್ಟೇ ಅಲ್ಲ. ಗರ್ಭಕೋಶ ಹಿಂಡಿಕೊಳ್ಳಲು ಆಕ್ಸಿಟೋಸಿನ್ ಹಾರ್ಮೋನು ಬೇಕು. ಭಯವಾದಾಗ ಉಕ್ಕುವ ಅಡ್ರಿನಲಿನ್ ಆ ಕೆಲಸಕ್ಕೆ ಅಡ್ಡಬರುತ್ತದೆ. ಹೆದರಿದ ಹೆಂಗಸಿನ ನೋವು ನಿಧಾನವಾಗುವುದು ಹೀಗೆ. 1980ರಲ್ಲಿ ಪ್ರಕಟವಾದ ಗ್ವಾಟೆಮಾಲಾದ ಅಧ್ಯಯನವೊಂದು ಇದನ್ನು ಮೊದಲ ಸಲ ಎದ್ದು ಕಾಣುವಂತೆ ತೋರಿಸಿತು. ಕಿಕ್ಕಿರಿದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ಚೊಚ್ಚಲ ಬಸುರಿಯರ ಪಕ್ಕ, ವೈದ್ಯಕೀಯ ತರಬೇತಿಯೇ ಇಲ್ಲದ ಒಬ್ಬ ಹೆಂಗಸನ್ನು ಕೂರಿಸಿದರು. ಅವಳ ಕೆಲಸ ಬೆನ್ನು ನೀವುವುದು, ಕೈ ಹಿಡಿದುಕೊಳ್ಳುವುದು, ಮಾತಾಡುವುದು, ಅಷ್ಟೇ. ತೊಡಕಿಲ್ಲದೆ ಹೆತ್ತವರನ್ನು ಹೋಲಿಸಿದಾಗ ಜೊತೆಯಿದ್ದವರಿಗೆ ಆಸ್ಪತ್ರೆ ಸೇರಿದಾಗಿನಿಂದ ಹೆರಿಗೆಯವರೆಗೆ ಸರಾಸರಿ 8.8 ಗಂಟೆ ಹಿಡಿದಿತ್ತು, ಒಂಟಿಯಾಗಿದ್ದವರಿಗೆ 19.3 ಗಂಟೆ. ಪ್ರತಿ ಗುಂಪಿನಲ್ಲಿ ಇಪ್ಪತ್ತೇ ಮಂದಿ ಇದ್ದ ಸಣ್ಣ ಹೋಲಿಕೆ ಇದು. ಇದೊಂದನ್ನೇ ನಂಬಿ ಕೂರುವುದು ತಪ್ಪಾಗುತ್ತಿತ್ತು. ಆದರೆ 2017ರಲ್ಲಿ ಕಾಕ್ರೇನ್ ಸಂಸ್ಥೆ 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಪ್ರಯೋಗಗಳನ್ನು ಒಟ್ಟುಮಾಡಿ ತೂಗಿ ನೋಡಿತು. ಹೆರಿಗೆಯುದ್ದಕ್ಕೂ ಜೊತೆ ಸಿಕ್ಕವರಲ್ಲಿ ಸಿಜೇರಿಯನ್ ಸುಮಾರು ಕಾಲುಭಾಗ ಕಡಿಮೆ, ಬೇನೆಯ ಅವಧಿ ಸರಾಸರಿ ಮುಕ್ಕಾಲು ಗಂಟೆಯ ಹತ್ತಿರ ಕಡಿಮೆ, ಹುಟ್ಟಿದ ಐದು ನಿಮಿಷಕ್ಕೆ ಮಂಕಾಗಿರುವ ಮಕ್ಕಳೂ ಕಡಿಮೆ. ಕೇಡು ಮಾತ್ರ ಯಾವುದೂ ಕಾಣಲಿಲ್ಲ. ಇಷ್ಟು ಗುಣವಿದ್ದು, ಅಡ್ಡಪರಿಣಾಮವಿಲ್ಲದ ಮಾತ್ರೆಯೊಂದು ಸಿಕ್ಕಿದ್ದರೆ ಪ್ರತಿ ಆಸ್ಪತ್ರೆಯೂ ಅದನ್ನು ತರಿಸಿಟ್ಟುಕೊಳ್ಳುತ್ತಿತ್ತು.

ಮೊದಲು ಜೀವ ಉಳಿಯಲಿ, ಮರ್ಯಾದೆಯ ಮಾತು ಆಮೇಲೆ ಎನ್ನುವವರಿದ್ದಾರೆ. ರಕ್ತವಿಲ್ಲದೆ, ಅರಿವಳಿಕೆ ತಜ್ಞರಿಲ್ಲದೆ ತಾಯಂದಿರು ಇಂದಿಗೂ ಸಾಯುತ್ತಿರುವಾಗ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಇವು ಎರಡು ಬೇರೆ ಬೇರೆ ಸಾಲುಗಳಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಸರ್ಕಾರಿ ಆಸ್ಪತ್ರೆಯಿಂದ ತಮಿಳುನಾಡು ಮೂಲದ ಬಡ ಗರ್ಭಿಣಿಯೊಬ್ಬಳನ್ನು ವಾಪಸು ಕಳಿಸಿದರು. ಅವಳು ಬಾಡಿಗೆ ಮನೆಯಲ್ಲೇ ಅವಳಿ ಗಂಡುಮಕ್ಕಳನ್ನು ಹೆತ್ತಳು. ತಾಯಿ, ಇಬ್ಬರು ಮಕ್ಕಳು ಮೂವರೂ ತೀರಿಕೊಂಡರು. ಔಷಧ, ವೈದ್ಯರು, ಹಾಸಿಗೆ ಇರುವ ಜಾಗದ ಬಾಗಿಲಿಗೇ ಬಂದಿದ್ದವಳು ಅವಳು. ಅವಳನ್ನು ಕೊಂದದ್ದು ಸೌಲಭ್ಯದ ಕೊರತೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಎದುರಿಗೆ ನಿಂತವಳನ್ನು ನಡೆಸಿಕೊಂಡ ರೀತಿಯೇ ಕೊಂದಿತು. ಇಷ್ಟು ಘೋರವಾಗದ ಕಡೆಯೂ ಅವಮಾನದ ಪರಿಣಾಮ ಮುಂದಕ್ಕೆ ಸಾಗುತ್ತದೆ. ಬೈಸಿಕೊಂಡವಳು ರಕ್ತ ಹೋಗುತ್ತಿದೆ ಎಂದು ಮತ್ತೆ ಸಿಸ್ಟರನ್ನು ಕರೆಯಲು ಹಿಂಜರಿಯುತ್ತಾಳೆ, ಮುಂದಿನ ಬಸುರಿನಲ್ಲಿ ಆಸ್ಪತ್ರೆಗೆ ಹೊರಡುವುದನ್ನು ಕೊನೆಗಳಿಗೆಯವರೆಗೆ ಮುಂದೂಡುತ್ತಾಳೆ. ಪಕ್ಕದಲ್ಲಿ ತನ್ನವರೊಬ್ಬರಿದ್ದರೆ ಆ ರಕ್ತವನ್ನು ಮೊದಲು ಕಾಣುವವರು ಅವರೇ.

ಆಸ್ಪತ್ರೆಯವರ ತಕರಾರು ಬೇರೆ: ಜಾಗವಿಲ್ಲ, ಸೋಂಕು ತಗಲುತ್ತದೆ, ಒಬ್ಬ ಸಿಸ್ಟರ್ ನಾಲ್ಕು ಹೆರಿಗೆ ನೋಡುವಾಗ ಸಂಬಂಧಿಕರ ಗಲಾಟೆ ಯಾರು ತಡೆಯಬೇಕು? ಇದರಲ್ಲಿ ದಣಿವಿನ ನಿಜವಿದೆ. ರಾತ್ರಿ ಪಾಳಿಯ ಆ ಸಿಸ್ಟರ್ ಕೂಡ ಮೇಲಿನವರಿಂದ ಬೈಸಿಕೊಳ್ಳುವವಳೇ, ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಅಮಾನತಾಗುವವಳೇ. ಆದರೆ ನಾಲ್ವರ ನಡುವೆ ಓಡಾಡುವವಳಿಗೆ ನಾಲ್ಕು ಜೊತೆಗಾತಿಯರು ಹೊರೆಯಲ್ಲ, ನೆರವು: ನೀರು ಕುಡಿಸಲು, ನಡೆದಾಡಿಸಲು, ಬದಲಾವಣೆ ಕಂಡರೆ ಕರೆಯಲು. ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಅನುಮತಿ ಕೊಟ್ಟಾಗ ಈ ಆತಂಕಗಳಿಗೆ ಉತ್ತರವನ್ನೂ ನಿಯಮದಲ್ಲೇ ಬರೆದಿತ್ತು. ಜೊತೆಗೆ ಬರುವವಳು ಸಂಬಂಧಿಕ ಹೆಂಗಸಾಗಿರಬೇಕು, ತಾನೂ ಹೆತ್ತವಳಾದರೆ ಒಳ್ಳೆಯದು; ಅಂಟುರೋಗವಿರಬಾರದು, ಶುಭ್ರ ಬಟ್ಟೆ ತೊಟ್ಟಿರಬೇಕು, ಸಿಬ್ಬಂದಿಯ ಕೆಲಸದಲ್ಲಿ ಕೈಹಾಕಬಾರದು. ಮರೆಯ ವ್ಯವಸ್ಥೆ ಇರುವಲ್ಲಿ ಗಂಡನೂ ಇರಬಹುದು. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರ ಕೊನೆಯಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮವೂ, 2018ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಪಕ್ಕದಲ್ಲಿ ಒಬ್ಬರಿರಬೇಕು ಎಂದೇ ಹೇಳುತ್ತವೆ. ಕೊರತೆಯಿರುವುದು ಕುರ್ಚಿಗೆ ಮತ್ತು ಪರದೆಗೆ. ಅವುಗಳ ಬೆಲೆ ಯಾವ ಜಿಲ್ಲಾ ಆಸ್ಪತ್ರೆಗೂ ಭಾರವಲ್ಲ.

ಗದರದೆ ಇದ್ದರೆ ಮುಕ್ಕುವುದಿಲ್ಲ, ಮಗುವಿಗೆ ಅಪಾಯ ಎಂಬ ಮಾತು ಅನುಭವಿಗಳ ಬಾಯಿಂದಲೇ ಬರುತ್ತದೆ. ಅದರ ಹಿಂದಿರುವುದು ಹೆಚ್ಚಾಗಿ ಗಡಿಯಾರದ ಒತ್ತಡ. 1950ರ ದಶಕದಲ್ಲಿ ನ್ಯೂಯಾರ್ಕಿನ ಇಮ್ಯಾನುಯೆಲ್ ಫ್ರೀಡ್‌ಮನ್ ಐನೂರು ಚೊಚ್ಚಲ ಬಸುರಿಯರನ್ನು ಅಳೆದು ಬರೆದ ನಕ್ಷೆಯ ಜಾಡಿನಲ್ಲಿ, ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಲೆಕ್ಕ ಪ್ರಪಂಚದ ಹೆರಿಗೆ ಕೋಣೆಗಳನ್ನು ಆಳಿತು. ಆ ವೇಗ ಎಲ್ಲರಿಗೂ ಹೊಂದುವುದಿಲ್ಲ, ಅದೊಂದನ್ನೇ ನೆಪಮಾಡಿ ನೋವು ಬರಿಸುವ ಇಂಜೆಕ್ಷನ್ ಕೊಡಬಾರದು ಎಂದು 2018ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಹೊಟ್ಟೆಯನ್ನು ಮೇಲಿನಿಂದ ಒತ್ತುವುದೂ ಬೇಡ ಎಂದಿದೆ. ಬೇನೆಯ ಮೊದಲ ಹಂತದಲ್ಲಿ ಓಡಾಡಿಕೊಂಡೋ ಕೂತೋ ಇದ್ದವರಿಗೆ, ಮಲಗಿದವರಿಗಿಂತ ಒಂದು ಗಂಟೆಗೂ ಹೆಚ್ಚು ಸಮಯ ಉಳಿಯುತ್ತದೆ ಎಂಬುದು ಕಾಕ್ರೇನಿನ ಇನ್ನೊಂದು ಪರಿಶೀಲನೆಯ ಫಲ. ಪಾವಗಡ ಸೀಮೆಯಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರಂಥವರು ಬೇನೆಯುದ್ದಕ್ಕೂ ಬಸುರಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಮನೆಹೆರಿಗೆಗೆ ಮರಳಬೇಕೆಂದು ಇದರ ಅರ್ಥವಲ್ಲ, ಹಾಗೆ ಹೇಳುವುದು ಅಪರಾಧವಾದೀತು. ಆಸ್ಪತ್ರೆಗೆ ಬರುವಾಗ ನಾವು ಹಿಂದೆ ಬಿಟ್ಟು ಬಂದದ್ದರಲ್ಲಿ ಬಿಡಬಾರದ್ದೂ ಒಂದಿತ್ತು.

ಇನ್ನು, ನಮ್ಮ ಹೆಂಗಸರು ದೂರುವುದೇ ಇಲ್ಲವಲ್ಲ ಎಂಬ ಸಮಾಧಾನ. ಮಡಿಲಲ್ಲಿ ಗಟ್ಟಿಮುಟ್ಟಾದ ಮಗುವಿಟ್ಟುಕೊಂಡವಳನ್ನು, ಇನ್ನೂ ಆಸ್ಪತ್ರೆಯ ಮಂಚದ ಮೇಲಿರುವಾಗಲೇ, ಎಲ್ಲ ಚೆನ್ನಾಗಿತ್ತಾ ಎಂದು ಕೇಳಿದರೆ ಹೂಂ ಎನ್ನದೆ ಇನ್ನೇನು ಎಂದಾಳು? ಕೂಲಿಯವಳು, ದಲಿತಳು, ತಾಂಡಾದವಳು, ಊರಿನ ಭಾಷೆ ಬಾರದವಳು ಹೆಚ್ಚು ಬೈಸಿಕೊಂಡು ಕಡಿಮೆ ದೂರುತ್ತಾಳೆ. ಆದ್ದರಿಂದ ಅವಳ ದೂರಿಗೆ ಕಾಯದೆ ಮನೆಯವರೇ ಮುಂದಾಗಬೇಕು. ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಏಳನೇ ತಿಂಗಳಲ್ಲೇ ಅವಳನ್ನು ಕೇಳಿ, ಒಳಗೆ ಯಾರು ಬರಬೇಕು ಎಂದು. ಆ ಹೆಸರನ್ನು ತಾಯಿ ಕಾರ್ಡಿನ ಹಾಳೆಯೊಂದರ ಮೇಲೆ ಬರೆದಿಡಿ, ಆಶಾ ಕಾರ್ಯಕರ್ತೆಗೆ ಹೇಳಿಡಿ. ಆಸ್ಪತ್ರೆಯವರು ಬೇಡವೆಂದರೆ 2016ರ ಅನುಮತಿಯನ್ನು ನೆನಪಿಸಿ, ಜಗಳವಾಡದೆ, ಬಿಟ್ಟೂಕೊಡದೆ ಕೇಳಿ.