ಘಾಟಿ ಹತ್ತುವ ಜೀಪಿನ ಮಿದುಳಿಗೆ ಹೊಸ ಲೆಕ್ಕ

ಮಂಗಳೂರಿನಿಂದ ಮೂಡಣಕ್ಕೆ ಹೊರಟ ವಾಹನ ಯಾವ ದಾರಿ ಹಿಡಿದರೂ ಘಾಟಿ ಹತ್ತಲೇಬೇಕು. ಬೆಂಗಳೂರಿಗೆ ಶಿರಾಡಿ, ಮೂಡಿಗೆರೆಗೆ ಚಾರ್ಮಾಡಿ, ಮಡಿಕೇರಿಗೆ ಸಂಪಾಜೆ. ಕಡಲ ಮಟ್ಟದಿಂದ ಹೊರಟವರು ಸಕಲೇಶಪುರ ಮುಟ್ಟುವಷ್ಟರಲ್ಲಿ 900 ಮೀಟರಿಗೂ ಮೇಲೆ ಏರಿರುತ್ತಾರೆ. ಮುಂದೆ ಗ್ಯಾಸ್ ಟ್ಯಾಂಕರ್, ತಿರುವಿನಾಚೆ ಗೇಣುದ್ದದ ನೇರ ರಸ್ತೆ. ಆಕ್ಸಿಲರೇಟರ್ ಪೂರಾ ಒತ್ತಿದರೂ ಟರ್ಬೊ ವೇಗ ಹಿಡಿಯುವ ತನಕ ಗಾಡಿ ಅಲ್ಲೇ ಉಸಿರು ಕಟ್ಟಿಕೊಂಡಿರುತ್ತದೆ. ಡೀಸೆಲ್ ಫೋರ್ ಬೈ ಫೋರ್ ಇಟ್ಟುಕೊಂಡವರಿಗೆ ರೀಮ್ಯಾಪ್ ಮಾಡಿಸುವ ಆಸೆ ಹುಟ್ಟುವುದು ಇಂಥ ಜಾಗದಲ್ಲಿ. ಒಂದು ನಟ್ಟನ್ನೂ ಬಿಚ್ಚದೆ, ಲ್ಯಾಪ್‌ಟಾಪ್ ಜೋಡಿಸಿ, ಅರ್ಧ ದಿನದಲ್ಲಿ ಪಿಕಪ್ ಹೆಚ್ಚಿಸಿ ಕೊಡುತ್ತಾರೆ ಎಂಬ ಮಾತು ಸುಳ್ಳಲ್ಲ. ಆದರೆ ಹಾಗೆ ಬಂದ ಹೆಚ್ಚಿನ ಶಕ್ತಿಯನ್ನು ಯಾವುದರಿಂದ ಕಡಿದು ಕೊಟ್ಟರು ಎಂದು ಕೇಳುವವರು ಕಡಿಮೆ.

ಹಿಂದೆ ಇದು ಸ್ಕ್ರೂ ಡ್ರೈವರಿನ ಕೆಲಸವಾಗಿತ್ತು. 1951ರಲ್ಲಿ ಶುರುವಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ಡೀಸೆಲ್ ಪಂಪುಗಳನ್ನು ತಯಾರಿಸುತ್ತಿತ್ತು. ಲಾರಿ, ಬಸ್ಸು, ಟ್ರಾಕ್ಟರುಗಳಲ್ಲಿ 'ಮೈಕೋ ಪಂಪು' ಮನೆಮಾತು. ಗರಿಷ್ಠ ಎಷ್ಟು ಡೀಸೆಲ್ ಬಿಡಬೇಕೆಂಬುದನ್ನು ಒಂದು ಸ್ಕ್ರೂ ನಿಗದಿ ಮಾಡುತ್ತಿತ್ತು. ಅದನ್ನು ಯಾರೂ ಮುಟ್ಟಬಾರದೆಂದು ತಂತಿ ಬಿಗಿದು ಸೀಲು ಹಾಕಿರುತ್ತಿದ್ದರು. ಎಳೆತ ಸಾಲದು ಎಂದ ಮಾಲೀಕನಿಗಾಗಿ ಮೆಕ್ಯಾನಿಕ್ ಸೀಲು ಒಡೆದು ಸ್ಕ್ರೂ ತಿರುಗಿಸುತ್ತಿದ್ದ, ಸೈಲೆನ್ಸರಿನ ಹೊಗೆಯ ಬಣ್ಣ ನೋಡಿ ನಿಲ್ಲಿಸುತ್ತಿದ್ದ. ಆ ಮೈಕೋ ಈಗ ಬಾಷ್. ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬರೆಯುವ ಎಂಜಿನಿಯರುಗಳೂ ಅದೇ ಬೆಂಗಳೂರಿನಲ್ಲಿ ಕೂತಿದ್ದಾರೆ. ಒಂದು ಸ್ಕ್ರೂ ಇದ್ದ ಕಡೆ ಈಗ ಸಾವಿರಾರು ಕೋಷ್ಟಕಗಳಿವೆ. ಈ ಕೋಷ್ಟಕಗಳಿಗೇ ಮ್ಯಾಪ್ ಎಂದು ಹೆಸರು, ಅವನ್ನು ತಿದ್ದಿ ಬರೆಯುವುದೇ ರೀಮ್ಯಾಪ್.

ಈ ಬದಲಾವಣೆಯ ಬೇರು ಕಾಮನ್ ರೈಲ್ ಎಂಬ ಏರ್ಪಾಟಿನಲ್ಲಿದೆ. 1997ರಲ್ಲಿ ಆಲ್ಫಾ ರೋಮಿಯೋ 156 ಮೂಲಕ ಕಾರುಗಳ ಮಾರುಕಟ್ಟೆಗೆ ಬಂದ ಈ ತಂತ್ರದಲ್ಲಿ ಪಂಪಿನ ಕೆಲಸ ಡೀಸೆಲ್ಲನ್ನು 'ರೈಲ್' ಎಂಬ ಗಟ್ಟಿ ಕೊಳವೆಯೊಳಗೆ ಭಾರೀ ಒತ್ತಡದಲ್ಲಿ ತುಂಬಿಡುವುದಷ್ಟೇ. 1,600 ಬಾರ್, ಹೊಸ ಎಂಜಿನ್ನುಗಳಲ್ಲಿ 2,000 ಬಾರ್ ದಾಟುವ ಒತ್ತಡ. ಯಾವ ಇಂಜೆಕ್ಟರ್ ಯಾವಾಗ, ಎಷ್ಟು ಹೊತ್ತು ತೆರೆಯಬೇಕೆಂದು ಹೇಳುವುದು ಕಂಪ್ಯೂಟರು. ಒಂದೇ ಆವರ್ತದಲ್ಲಿ ಅದು ಡೀಸೆಲ್ಲನ್ನು ಹಲವು ಕಂತುಗಳಲ್ಲಿ ಸಿಂಪಡಿಸಬಲ್ಲದು. ಮೊದಲ ಚಿಕ್ಕ ಕಂತು ಡೀಸೆಲ್ಲಿನ 'ಕಟಕಟ' ಸದ್ದನ್ನು ತಗ್ಗಿಸುತ್ತದೆ, ನಂತರದ್ದು ದುಡಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ನಮ್ಮ ಕಡೆ ಕಣ್ಣಿಗೆ ಬೀಳುವ, 2020ರಲ್ಲಿ ಬಂದ ಮಹೀಂದ್ರ ಥಾರ್ ತೆಗೆದುಕೊಳ್ಳಿ. 2,184 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್. ಟಾರ್ಕ್, ಅಂದರೆ ತಿರುಗಿಸುವ ಬಲ, 300 ನ್ಯೂಟನ್ ಮೀಟರ್. ಇಷ್ಟು ಬಲ ಬರಬೇಕಾದರೆ ಪ್ರತಿ ಸಿಲಿಂಡರಿಗೆ ಪ್ರತಿ ಸಲ ಸುಮಾರು 58 ಮಿಲಿಗ್ರಾಂ ಡೀಸೆಲ್ ಬೇಕು. ಎರಡು ಮೂರು ಅಕ್ಕಿಕಾಳಿನ ತೂಕ. ಎಂಜಿನ್ 2,000 ಸುತ್ತಿನಲ್ಲಿ ತಿರುಗುವಾಗ ಒಂದೊಂದು ಸಿಲಿಂಡರಿಗೆ ಸೆಕೆಂಡಿಗೆ ಹದಿನಾರು ಹದಿನೇಳು ಸಲ ಇದನ್ನು ಉಣಿಸಬೇಕು. ಡೀಸೆಲ್ ಉರಿಯಲು ತನ್ನ ತೂಕದ ಹದಿನಾಲ್ಕೂವರೆ ಪಟ್ಟು ಗಾಳಿ ಬೇಡುತ್ತದೆ. ಹೊಗೆ ಕಪ್ಪಾಗದಿರಲು ಅದಕ್ಕಿಂತ ಕಾಲು ಪಾಲು ಹೆಚ್ಚಿಗೆ ಕೊಟ್ಟರೆ ಹೆಚ್ಚುಕಡಿಮೆ ಒಂದು ಗ್ರಾಂ ಗಾಳಿಯಾಯಿತು. ಮಂಗಳೂರಿನ 33 ಡಿಗ್ರಿ ಸೆಕೆಯಲ್ಲಿ ಅರ್ಧ ಲೀಟರಿನ ಸಿಲಿಂಡರಿನೊಳಗೆ ತಾನಾಗಿ ನುಗ್ಗುವ ಗಾಳಿ ಸುಮಾರು 0.63 ಗ್ರಾಂ. ಉಳಿದದ್ದನ್ನು ಟರ್ಬೊ ಒತ್ತಿ ತುಂಬುತ್ತದೆ.

ರೀಮ್ಯಾಪ್ ಮಾಡುವವರು ಟಾರ್ಕ್ ಶೇಕಡಾ 20 ಏರಿಸಿದರೆಂದುಕೊಳ್ಳಿ. ಡೀಸೆಲ್ 70 ಮಿಲಿಗ್ರಾಂ ಆಯಿತು, ಬೇಕಾದ ಗಾಳಿ 1.26 ಗ್ರಾಂಗೆ ಏರಿತು. ಟರ್ಬೊ ಈಗ ಸಿಲಿಂಡರಿನ ಸಹಜ ಉಸಿರಿನ ಎರಡು ಪಟ್ಟು ತುಂಬಬೇಕು. ತುಂಬಲಾಗದಿದ್ದರೆ ಅರೆಬೆಂದ ಡೀಸೆಲ್ ಮಸಿಯಾಗಿ ಹೊರಬರುತ್ತದೆ. ಇನ್ನು ಶಿರಾಡಿಯ ನೆತ್ತಿಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರಹತ್ತಿರ ಶೇಕಡಾ 10 ಕಡಿಮೆ. ಅಷ್ಟೇ ಗಾಳಿ ತುಂಬಲು ಟರ್ಬೊ ಅಲ್ಲಿ ಇನ್ನೂ ಜೋರಾಗಿ ತಿರುಗಬೇಕು. ಅದು ಹೇಗೂ ನಿಮಿಷಕ್ಕೆ ಲಕ್ಷದ ಮೇಲೆ ಸುತ್ತು ಹಾಕುವ ಸಾಮಾನು. ಕಂಪನಿಯ ಕೋಷ್ಟಕದಲ್ಲಿ ಎತ್ತರಕ್ಕೆ ತಕ್ಕಂತೆ ಡೀಸೆಲ್ ಮತ್ತು ಒತ್ತಡ ಇಳಿಸುವ ಸಾಲುಗಳು ಇರುವುದು ಇದಕ್ಕೇ. ಕೆಳಗೆ ಸುರತ್ಕಲ್ ಬಯಲಿನಲ್ಲಿ ಚೆನ್ನಾಗಿ ಓಡಿತೆಂದು ಆ ಸಾಲುಗಳನ್ನು ಅಳಿಸಿದರೆ, ಪೆಟ್ಟು ಬೀಳುವುದು ಘಾಟಿಯ ಮೇಲೆ.

ಇಲ್ಲಿ ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು. ಥಾರ್‌ನ 130 ಅಶ್ವಶಕ್ತಿ ಸಿಗುವುದು 3,750 ಸುತ್ತಿನಲ್ಲಿ. ಘಾಟಿಯಲ್ಲಿ ನಾವು ಓಡಿಸುವುದು 1,600ರ ಆಸುಪಾಸು. ಅಲ್ಲಿ 300 ನ್ಯೂಟನ್ ಮೀಟರ್ ಪೂರ್ತಿ ಸಿಕ್ಕರೂ ಕೈಗೆ ಬರುವುದು 67 ಅಶ್ವಶಕ್ತಿ ಮಾತ್ರ. ಟಾರ್ಕನ್ನು ಶೇಕಡಾ 15 ಏರಿಸಿದರೆ ಅದು 77 ಆಗುತ್ತದೆ. ಹತ್ತು ಕುದುರೆ ಟ್ಯಾಂಕರ್ ಹಿಂದಿಕ್ಕುವಾಗ ನಿಜಕ್ಕೂ ನೆರವಾಗುತ್ತವೆ. ಆದರೆ 1,500 ಸುತ್ತಿಗಿಂತ ಕೆಳಗೆ ಟರ್ಬೊ ತಿರುಗಿಸಲು ಸಾಕಷ್ಟು ಹೊಗೆಯೇ ಇರುವುದಿಲ್ಲ. ಅಲ್ಲಿ ಯಾವ ಮ್ಯಾಪೂ ಹೆಚ್ಚೇನೂ ಮಾಡಲಾರದು. ಹಾಗಿದ್ದೂ ಅಲ್ಲಿ 'ಗಾಡಿ ಹಾರುತ್ತದೆ' ಅನಿಸುವುದೇಕೆ? ಬಹಳ ಸಲ ಅವರು ಬದಲಿಸಿರುವುದು ಪೆಡಲಿನ ಕೋಷ್ಟಕ. ಮುಂಚೆ ಅರ್ಧ ಒತ್ತಿದಾಗ ಸಿಗುತ್ತಿದ್ದದ್ದು ಈಗ ಕಾಲು ಒತ್ತಿದರೆ ಸಿಗುತ್ತದೆ. ಪೂರ್ತಿ ಒತ್ತಿದಾಗ ಸಿಗುವುದರಲ್ಲಿ ವ್ಯತ್ಯಾಸವಿಲ್ಲ. ದುಡ್ಡು ಕೊಡುವ ಮೊದಲು ಇವೆರಡನ್ನೂ ಬೇರೆ ಮಾಡಿ ಕೇಳುವುದು ಒಳ್ಳೆಯದು.

ಎಂಜಿನ್ ತಡೆದುಕೊಂಡರೂ ಅದರ ಹಿಂದಿರುವ ಕ್ಲಚ್ ಪ್ಲೇಟು, ಗೇರ್‌ಬಾಕ್ಸು ತಡೆದುಕೊಳ್ಳಬೇಕಲ್ಲ. ಸ್ಕಾರ್ಪಿಯೋ-ಎನ್ ಗಾಡಿಯ 175 ಪಿಎಸ್ ಡೀಸೆಲ್ ಎಂಜಿನ್ ಮ್ಯಾನುಯಲ್ ಗೇರಿನಲ್ಲಿ 370 ನ್ಯೂಟನ್ ಮೀಟರ್, ಆಟೊಮ್ಯಾಟಿಕ್‌ನಲ್ಲಿ 400 ಕೊಡುತ್ತದೆ. ಗೇರ್‌ಬಾಕ್ಸಿನ ತಾಳಿಕೆ ನೋಡಿ ಕಂಪ್ಯೂಟರಿನಲ್ಲಿ ಟಾರ್ಕಿಗೆ ಮಿತಿ ಹಾಕುವುದು ವಾಹನ ತಯಾರಕರ ಮಾಮೂಲು ಪದ್ಧತಿ. ಕೆಳಗಿನ ಗೇರುಗಳಿಗೆ ಬೇರೆ ಮಿತಿ, ರಿವರ್ಸಿಗೆ ಬೇರೆ. ಬಿಸಿಯ ಮಾತೂ ಇದೆ. ಟರ್ಬೊ ಮುಂದೆ ಹೊಗೆಯ ಉಷ್ಣತೆ 800 ಡಿಗ್ರಿಯ ಗಡಿ ಮುಟ್ಟುತ್ತದೆ. ಶುದ್ಧ ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹದ ಪಿಸ್ಟನ್ ಬದುಕುಳಿಯುವುದು ಕೆಳಗಿನಿಂದ ಚಿಮ್ಮುವ ಎಣ್ಣೆ ಮತ್ತು ಸುತ್ತಲಿನ ನೀರಿನ ತಂಪಿನಿಂದ. ಏಪ್ರಿಲ್ ಮಧ್ಯಾಹ್ನ ಟ್ಯಾಂಕರ್ ಹಿಂದೆ ತೆವಳುತ್ತ ಹತ್ತುವಾಗ ಇಂಟರ್‌ಕೂಲರಿಗೆ ಬಡಿಯುವ ಗಾಳಿಯೂ ಕಡಿಮೆ, ಆ ಗಾಳಿ ತಂಪೂ ಅಲ್ಲ. ಕಂಪನಿ ಬಿಟ್ಟಿರುವ ಅಂತರ ಇಂಥ ದಿನಗಳಿಗಾಗಿಯೇ ಇರುವುದು. ರೀಮ್ಯಾಪ್ ತೆಗೆದುಕೊಳ್ಳುವುದು ಆ ಅಂತರದಿಂದ.

ಅಗ್ಗದ ಟ್ಯೂನಿಂಗ್ ಬಾಕ್ಸುಗಳ ಬಗ್ಗೆ ನನಗೆ ಒಲವಿಲ್ಲ. ಅವು ಕೋಷ್ಟಕವನ್ನು ತಿದ್ದುವುದೇ ಇಲ್ಲ. ರೈಲಿನ ಒತ್ತಡ ಅಳೆಯುವ ಸೆನ್ಸರಿನ ತಂತಿಯ ನಡುವೆ ಕೂತು, ಒತ್ತಡ ಇರುವುದಕ್ಕಿಂತ ಕಡಿಮೆ ಇದೆಯೆಂದು ಕಂಪ್ಯೂಟರಿಗೆ ಸುಳ್ಳು ವರದಿ ಕೊಡುತ್ತವೆ. ಕಂಪ್ಯೂಟರು ನಂಬಿ ಒತ್ತಡ ಏರಿಸುತ್ತದೆ, ಹೆಚ್ಚು ಡೀಸೆಲ್ ಚಿಮ್ಮುತ್ತದೆ. ತನ್ನ ಪಂಪು ಎಷ್ಟು ದಣಿಯುತ್ತಿದೆ ಎಂಬುದು ಎಂಜಿನ್ನಿನ ಮಿದುಳಿಗೇ ಗೊತ್ತಿರುವುದಿಲ್ಲ.

ತೋಟಕ್ಕೆ, ಎಸ್ಟೇಟಿಗೆ ಹೋಗಲು ರೀಮ್ಯಾಪ್ ಬೇಕೆನ್ನುವವರಿಗೆ ಹೇಳಬೇಕಾದ್ದು ಬೇರೆಯೇ. ಥಾರ್‌ನಂಥ ಗಾಡಿಯಲ್ಲಿ 4ಎಲ್‌ಗೆ, ಅಂದರೆ ಲೋ ರೇಂಜಿಗೆ ಹಾಕಿದರೆ ಚಕ್ರಕ್ಕೆ ತಲಪುವ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ. ಯಾವ ರೀಮ್ಯಾಪೂ ಇದರ ಹತ್ತಿರ ಸುಳಿಯದು. ಮಳೆಗಾಲದ ಜಂಬಿಟ್ಟಿಗೆ ಮಣ್ಣಿನಲ್ಲಿ ಗಾಡಿ ಸೋಲುವುದು ಬಲ ಸಾಲದೆ ಅಲ್ಲ, ಟಯರಿಗೆ ಹಿಡಿತ ಸಿಗದೆ. ಅಲ್ಲಿ ಪೆಡಲ್ ಚುರುಕಾದಷ್ಟೂ ಚಕ್ರ ಸುಮ್ಮನೆ ತಿರುಗುವುದು ಹೆಚ್ಚು.

ನನಗೆ ಬಹಳ ನೋವು ಕೊಡುವುದು ಡಿಪಿಎಫ್ ತೆಗೆಸುವ ಚಟ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಬಂತು. ಡೀಸೆಲ್ ಕಾರುಗಳು ಉಗುಳಬಹುದಾದ ಮಸಿಯ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಡೀಸೆಲ್ಲಿನ ಗಂಧಕ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10 ಪಾಲಿಗೆ ಇಳಿಯಿತು. ಅದಕ್ಕಾಗಿ ಎಂಆರ್‌ಪಿಎಲ್ ಸೇರಿದಂತೆ ದೇಶದ ರಿಫೈನರಿಗಳೆಲ್ಲ ಸಜ್ಜಾಗಬೇಕಾಯಿತು. ಮಸಿಯನ್ನು ಹಿಡಿದಿಡುವ ಜಾಲರಿ ಡಿಪಿಎಫ್. ಅದು ತುಂಬಿದಾಗ ಕಂಪ್ಯೂಟರು ತಡವಾಗಿ ಒಂದಿಷ್ಟು ಹೆಚ್ಚು ಡೀಸೆಲ್ ಸಿಂಪಡಿಸಿ, ಹೊಗೆಯನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ದಿನವೂ ಮಂಗಳೂರಿನೊಳಗೇ ಕಂಕನಾಡಿಯಿಂದ ಹಂಪನಕಟ್ಟೆಗೆ ಹೋಗಿಬರುವ ಗಾಡಿಗೆ ಅಷ್ಟು ಕಾಯಲು ಪುರುಸೊತ್ತೇ ಸಿಗುವುದಿಲ್ಲ. ದೀಪ ಹತ್ತುತ್ತದೆ. ಉಡುಪಿ ಕಡೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಅದರ ಬದಲು ಜಾಲರಿಯನ್ನೇ ಒಡೆದು, ಅದು ಇಲ್ಲವೇ ಇಲ್ಲ ಎಂದು ಕಂಪ್ಯೂಟರಿಗೆ ಬರೆಸುವವರಿದ್ದಾರೆ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿತು. ನಂತೂರು ಸರ್ಕಲ್ಲಿನಲ್ಲಿ ಹಿಂದೆ ನಿಂತ ಸ್ಕೂಟರಿನ ಮೇಲಿನ ಮಗು ಆ ಮಸಿಯನ್ನು ಉಸಿರಾಡುತ್ತದೆ. ಅಷ್ಟು ಪಿಕಪ್ ಯಾರಿಗೂ ಬೇಕಿಲ್ಲ.

ಬರೀ ತಂತ್ರಾಂಶ ಎಷ್ಟು ಕೆಡುಕು ಮಾಡಬಲ್ಲದೆಂದು 2015ರಲ್ಲಿ ಫೋಕ್ಸ್‌ವ್ಯಾಗನ್ ಪ್ರಕರಣ ತೋರಿಸಿತು. ಪರೀಕ್ಷೆಯ ರೋಲರಿನ ಮೇಲೆ ಶುದ್ಧವಾಗಿದ್ದ ಅದೇ ಎಂಜಿನ್ ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತೆಂದು ಅಮೆರಿಕದ ಪರಿಸರ ಸಂಸ್ಥೆ ಹೇಳಿತು. ಲೋಹ ಬದಲಾಗಿರಲಿಲ್ಲ, ಅಂಕಿ ಬದಲಾಗಿತ್ತು. ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟನ್ನು ತಡೆಯುತ್ತದೆ. ಮಾಲಿನ್ಯದ ಮಟ್ಟ ಮೀರಿದರೆ 190ನೇ ಕಲಮಿನಲ್ಲಿ 10,000 ರೂಪಾಯಿವರೆಗೆ ದಂಡವಿದೆ. ವಾರಂಟಿ ಹೋಗುತ್ತದೆ, ವಿಮೆಯವರಿಗೆ ತಿಳಿಸದಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಬರುತ್ತದೆ.

ಕೆಲಸ ಬಲ್ಲ ಟ್ಯೂನರ್ ಮೊದಲು ಕಂಪ್ಯೂಟರಿಗೆ ಬರೆಯುವುದಿಲ್ಲ, ಓದುತ್ತಾನೆ. ಕೇಳಿದ ಟರ್ಬೊ ಒತ್ತಡಕ್ಕೂ ಸಿಕ್ಕಿದ್ದಕ್ಕೂ ಎಷ್ಟು ವ್ಯತ್ಯಾಸ, ನಾಲ್ಕು ಇಂಜೆಕ್ಟರುಗಳಲ್ಲಿ ಯಾವುದು ಸೊರಗಿದೆ, ಡಿಪಿಎಫ್‌ನಲ್ಲಿ ಎಷ್ಟು ಮಸಿ ಕೂತಿದೆ ಎಂದು ಓಡಿಸುತ್ತಲೇ ದಾಖಲಿಸುತ್ತಾನೆ. ಎಷ್ಟೋ ಗಾಡಿಗಳಿಗೆ ಬೇಕಿರುವುದು ಹೊಸ ಏರ್ ಫಿಲ್ಟರ್, ಬಿರುಕುಬಿಟ್ಟ ಟರ್ಬೊ ಹೋಸಿನ ಬದಲಿ ಎಂದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮೂಲ ಫೈಲನ್ನು ಉಳಿಸಿಟ್ಟು, ಬರೆಯುವಾಗ ವೋಲ್ಟೇಜ್ ಕುಸಿಯದಂತೆ ಬ್ಯಾಟರಿಗೆ ಚಾರ್ಜರ್ ಜೋಡಿಸುತ್ತಾನೆ. ನಡುವೆ ಕರೆಂಟು ಕೈಕೊಟ್ಟರೆ ಕಂಪ್ಯೂಟರು ಸತ್ತೇಹೋಗಬಹುದು. ಬರೆದ ಮೇಲೆ ಘಾಟಿ ಹತ್ತಿಸಿ ಮತ್ತೆ ಅದೇ ಅಂಕಿಗಳನ್ನು ತೆಗೆಯುತ್ತಾನೆ. ಮೂಲ ಫೈಲಿನ ಒಂದು ಪ್ರತಿಯನ್ನು ಮಾಲೀಕರು ತಮ್ಮ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಲೇಬೇಕು. ಗಾಡಿ ಮಾರುವಾಗಲೋ, ಹೊಸ ಮ್ಯಾಪ್ ಸರಿಹೋಗದಾಗಲೋ ಹಿಂದಿನ ಸ್ಥಿತಿಗೆ ಮರಳಲು ಇರುವ ಸುಲಭದ ದಾರಿ ಅದು.