ಡ್ರೈವರ್ ಮೇಲೆ ಬಂದ ಅಪವಾದ

2008ರ ಸೆಪ್ಟೆಂಬರ್ ತಿಂಗಳು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 2.6.27ನೇ ಕರ್ನೆಲ್ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಅದನ್ನು ಹಾಕಿ ನೋಡಿದ ಕೆಲವರ ಕಂಪ್ಯೂಟರ್‌ಗಳಲ್ಲಿ ಇಂಟೆಲ್ ನೆಟ್‌ವರ್ಕ್ ಚಿಪ್ ಕೆಲಸ ನಿಲ್ಲಿಸಿತು. ಹಳೆಯ ಕರ್ನೆಲ್‌ಗೆ ಮರಳಿದರೂ, ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದರೂ ಅದು ಮತ್ತೆ ಏಳಲಿಲ್ಲ. ಚಿಪ್ ತನ್ನ ವಿಳಾಸವನ್ನೂ ಸೆಟ್ಟಿಂಗ್‌ಗಳನ್ನೂ ಇಟ್ಟುಕೊಳ್ಳುವ ಪುಟ್ಟ ಫ್ಲ್ಯಾಶ್ ಮೆಮೊರಿಯೇ ಹಾಳಾಗಿತ್ತು. ಆ ಚಿಪ್ ನಡೆಸುವ ಡ್ರೈವರ್‌ನ ಹೆಸರು ಇ1000ಇ. ಅನುಮಾನ ಮೊದಲು ಹೋದದ್ದು ಅದರ ಮೇಲೆಯೇ.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಮೆಮೊರಿ ಹಂಚುವುದು, ಯಾವ ಪ್ರೋಗ್ರಾಂ ಯಾವಾಗ ಓಡಬೇಕೆಂದು ನಿರ್ಧರಿಸುವುದು ಅದರ ಹೊಣೆ. ಡ್ರೈವರ್ ಅದರೊಳಗಿನ ಒಂದು ಭಾಗ; ಒಂದು ನಿರ್ದಿಷ್ಟ ಚಿಪ್‌ನ ಭಾಷೆ ಅದಕ್ಕೆ ಗೊತ್ತು. ಕೇಬಲ್‌ನಲ್ಲಿ ಬಂದ ಪ್ಯಾಕೆಟ್ಟನ್ನು ಚಿಪ್ ನೇರವಾಗಿ ಮೆಮೊರಿಗೆ ಹಾಕಿ ಪ್ರೊಸೆಸರ್‌ಗೆ ಸೂಚನೆ ಕೊಡುತ್ತದೆ. ಡ್ರೈವರ್ ಆ ಪ್ಯಾಕೆಟ್ ಎತ್ತಿಕೊಂಡು ಮುಂದಕ್ಕೆ ದಾಟಿಸುತ್ತದೆ. ಇವೆಲ್ಲ ಒಂದೇ ಮೆಮೊರಿಯಲ್ಲಿ, ಒಂದೇ ಅಧಿಕಾರದಲ್ಲಿ ನಡೆಯುವುದರಿಂದ ಕರ್ನೆಲ್‌ನ ಒಂದು ಮೂಲೆಯ ತಪ್ಪು ಇನ್ನೊಂದು ಮೂಲೆಯಲ್ಲಿ ರೋಗವಾಗಿ ಕಾಣಿಸಿಕೊಳ್ಳಬಹುದು.

ನಿನ್ನೆಯವರೆಗೆ ಸರಿಯಿದ್ದದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟರೆ ಅದನ್ನು ರಿಗ್ರೆಷನ್ ಎನ್ನುತ್ತಾರೆ. ಲಿನಕ್ಸ್‌ನ ಹೊಸ ಆವೃತ್ತಿ 9–10 ವಾರಕ್ಕೊಮ್ಮೆ ಬರುತ್ತದೆ. ಪ್ರತಿಯೊಂದರಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಿರುವುದು ಸಾಮಾನ್ಯ. ಅವುಗಳಲ್ಲಿ ತಪ್ಪಿತಸ್ಥ ಯಾವುದೆಂದು ಓದಿಯೇ ಹುಡುಕಲು ಹೊರಟರೆ ಮುಗಿಯುವ ಮಾತಲ್ಲ.

ದಾರಿ ಬಳ್ಳಾರಿ ಜಿಲ್ಲೆಯ ರೈತರಿಗೆ ಗೊತ್ತಿರುವಂಥದ್ದೇ. ತುಂಗಭದ್ರಾ ಕೆಳಮಟ್ಟದ ಕಾಲುವೆಯಲ್ಲಿ ಮೇಲೆ ನೀರು ತುಂಬಿ ಹರಿಯುತ್ತಿದೆ, ಕೆಳಗೆ ಸಿರುಗುಪ್ಪ ಕಡೆಯ ಗದ್ದೆಗೆ ಮಾತ್ರ ಬಂದಿಲ್ಲ ಎಂದುಕೊಳ್ಳಿ. ಇಡೀ ದಂಡೆ ನಡೆಯಬೇಕಿಲ್ಲ. ನಡುವೆ ಕುರುಗೋಡಿನ ಹತ್ತಿರ ನೋಡಿದರಾಯಿತು. ಅಲ್ಲಿ ನೀರಿದ್ದರೆ ಒಡಕು ಅದರಿಂದ ಕೆಳಗೆ, ಇಲ್ಲದಿದ್ದರೆ ಮೇಲೆ. ಉಳಿದ ಅರ್ಧದ ನಡುವೆ ಮತ್ತೆ ನೋಡುವುದು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ, ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶದಲ್ಲಿ ಈ ಕೆಲಸಕ್ಕೆ ಬೈಸೆಕ್ಟ್ ಎಂಬ ಆದೇಶವಿದೆ. ಸರಿಯಿದ್ದ ಆವೃತ್ತಿ ಒಂದು, ಕೆಟ್ಟದ್ದು ಒಂದು ತೋರಿಸಿದರೆ ನಡುವಿನದನ್ನು ಅದು ಆರಿಸಿ ಕೊಡುತ್ತದೆ. ಪ್ರತಿ ಪರೀಕ್ಷೆಗೂ ಉಳಿಯುವುದು ಅರ್ಧ. ಹತ್ತು ಸಾವಿರ ಬದಲಾವಣೆಗಳಿದ್ದರೂ ಸುಮಾರು 14 ಪರೀಕ್ಷೆಗಳಲ್ಲಿ ಒಂದೇ ಒಂದು ಉಳಿಯುತ್ತದೆ. ಅದಕ್ಕೆ ಸಿ ಭಾಷೆಯ ಪಾಂಡಿತ್ಯ ಬೇಕಿಲ್ಲ. ದೋಷ ತೋರಿಸುವ ಯಂತ್ರವೂ ತಾಳ್ಮೆಯೂ ಬೇಕು.

ಇ1000ಇ ಪ್ರಕರಣ ಕಠಿಣವಾದದ್ದು ಇಲ್ಲಿಯೇ. ಅಲ್ಲಿ ಒಂದೊಂದು ಪರೀಕ್ಷೆಯೂ ಚಿಪ್ಪನ್ನೇ ಬಲಿ ತೆಗೆದುಕೊಳ್ಳಬಹುದಿತ್ತು. ಕೊನೆಗೆ ಸಿಕ್ಕ ತಪ್ಪಿತಸ್ಥನಿಗೂ ನೆಟ್‌ವರ್ಕ್‌ಗೂ ಸಂಬಂಧವೇ ಇರಲಿಲ್ಲ. ಅದು ಸ್ಟೀವನ್ ರಾಸ್ಟೆಡ್ ಬರೆದ ಎಫ್‌ಟ್ರೇಸ್: ಕರ್ನೆಲ್ ಒಳಗೆ ಯಾವ ಫಂಕ್ಷನ್ ಯಾವಾಗ ಓಡಿತೆಂದು ಗುರುತಿಸುವ, ದೋಷ ಹುಡುಕಲೆಂದೇ ಇರುವ ಸಲಕರಣೆ. ಆಗ ಅದು ಫಂಕ್ಷನ್‌ಗಳ ಆರಂಭದ ವಿಳಾಸಗಳನ್ನು ಬರೆದಿಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಹಿಂದಿರುಗಿ ಅಲ್ಲಿನ ಸೂಚನೆಗಳನ್ನು ಬದಲಿಸುತ್ತಿತ್ತು. ಅಷ್ಟರಲ್ಲಿ ಕೆಲವು ಕೋಡ್ ಮೆಮೊರಿಯಿಂದ ಹೊರಹೋಗಿ, ಅದೇ ವಿಳಾಸ ನೆಟ್‌ವರ್ಕ್ ಚಿಪ್‌ನ ಫ್ಲ್ಯಾಶ್‌ಗೆ ಹಂಚಿಕೆಯಾಗಿರುತ್ತಿತ್ತು.

ಎಫ್‌ಟ್ರೇಸ್ ಕಣ್ಣುಮುಚ್ಚಿ ಬರೆಯುತ್ತಿರಲಿಲ್ಲ. ಅಲ್ಲಿ ಹಳೆಯ ಸೂಚನೆಯೇ ಇದ್ದರೆ ಮಾತ್ರ ಬದಲಿಸು ಎಂಬ ಆದೇಶವನ್ನೇ ಪ್ರೊಸೆಸರ್‌ಗೆ ಕೊಡುತ್ತಿತ್ತು. ಆದರೆ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಆ ಆದೇಶ, ಹೋಲಿಕೆ ತಪ್ಪಿದಾಗಲೂ ಓದಿದ್ದನ್ನೇ ಮತ್ತೆ ಬರೆಯುತ್ತದೆ. ಸಾಮಾನ್ಯ ಮೆಮೊರಿಗೆ ಇದರಿಂದ ತೊಂದರೆಯಿಲ್ಲ. ಫ್ಲ್ಯಾಶ್‌ಗಾದರೋ ಆ ಒಂದು ಬರಹವೇ ಆಪತ್ತು. ಅಕ್ಟೋಬರ್‌ನಲ್ಲಿ ಬಂದ 2.6.27.1ರಲ್ಲಿ ಎಫ್‌ಟ್ರೇಸ್‌ನ ಆ ಭಾಗವನ್ನು ನಿಷ್ಕ್ರಿಯಗೊಳಿಸಿದರು. ಫ್ಲ್ಯಾಶ್‌ಗೆ ಬರೆಯದಂತೆ ಡ್ರೈವರ್‌ನಲ್ಲೂ ಬೀಗ ಹಾಕಿದರು. ಮುಂದಿನ ಆವೃತ್ತಿಯಿಂದ ಆ ವಿಳಾಸಗಳನ್ನು ಕರ್ನೆಲ್ ಕಟ್ಟುವಾಗಲೇ ಕಲೆಹಾಕುವ ವ್ಯವಸ್ಥೆ ಬಂತು.

ಓಡುತ್ತಿರುವ ಕರ್ನೆಲ್ಲನ್ನು ನಿಲ್ಲಿಸದೆ ಒಳಗೆ ಇಣುಕುವ ಈ ವಿದ್ಯೆಗೆ ಕರ್ನಾಟಕದ ಕೊಡುಗೆಯೂ ದೊಡ್ಡದು. 2004ರಲ್ಲಿ 2.6.9ನೇ ಆವೃತ್ತಿಯೊಂದಿಗೆ ಲಿನಕ್ಸ್ ಸೇರಿದ ಕೆಪ್ರೋಬ್ಸ್ ಸಲಕರಣೆಯನ್ನು ಬೆಳೆಸಿದವರಲ್ಲಿ ಐಬಿಎಂನ ಬೆಂಗಳೂರು ಕೇಂದ್ರದ ಪ್ರಸನ್ನ ಪಂಚಮುಖಿ, ಅನಂತ ಮಾವಿನಕಾಯನಹಳ್ಳಿ ಇದ್ದಾರೆ. ಕೆಪ್ರೋಬ್ಸ್ ಇದ್ದರೆ ಡ್ರೈವರ್‌ನ ಬಹುತೇಕ ಯಾವುದೇ ಫಂಕ್ಷನ್‌ಗೆ ಗುರುತು ಹಾಕಿ, ಅದು ಓಡಿದಾಗಲೆಲ್ಲ ಅಲ್ಲಿನ ಮೌಲ್ಯಗಳನ್ನು ನೋಡಬಹುದು.

ಇಷ್ಟೆಲ್ಲ ಇದ್ದರೂ ಕರ್ನೆಲ್ ಬರೆದವರ ಬಳಿ ಎಲ್ಲ ಯಂತ್ರಗಳೂ ಇರುವುದಿಲ್ಲ. ಹಳೆಯ ಲ್ಯಾಪ್‌ಟಾಪ್, ಅಪರೂಪದ ಚಿಪ್ ಬಳಕೆದಾರರ ಮನೆಯಲ್ಲಿರುತ್ತವೆ. ಅಪ್‌ಡೇಟ್ ಆದ ಮೇಲೆ ಸಿರುಗುಪ್ಪದ ಅಕ್ಕಿ ಗಿರಣಿಯ ಕಂಪ್ಯೂಟರ್‌ನಲ್ಲಿ ನೆಟ್ ಕೈಕೊಟ್ಟರೆ, ಆ ದೋಷಕ್ಕೆ ಸಾಕ್ಷಿ ಹೇಳಬಲ್ಲದ್ದು ಆ ಯಂತ್ರವೇ. ಹಳೆಯ ಕರ್ನೆಲ್‌ಗೆ ಮರಳಿ ಸುಮ್ಮನಾದರೆ ಇವತ್ತಿನ ಕೆಲಸ ಸಾಗುತ್ತದೆ, ದೋಷ ಉಳಿಯುತ್ತದೆ. ಬಳ್ಳಾರಿಯ ಬಿಐಟಿಎಂನಂಥ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇಂಥ ದೋಷ ಹುಡುಕುವ ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂದು ನನ್ನ ಆಸೆ. ಹಳೆಯ ಕರ್ನೆಲ್‌ನಲ್ಲಿ ನಿಜಕ್ಕೂ ಸರಿಯಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಡಿಮೆಸೆಜ್ ಆದೇಶ ತೋರಿಸುವ ಕರ್ನೆಲ್‌ನ ದಿನಚರಿಯನ್ನೂ ಈಥ್‌ಟೂಲ್ ಆದೇಶ ಕೊಡುವ ನೆಟ್‌ವರ್ಕ್ ಚಿಪ್‌ನ ಲೆಕ್ಕಗಳನ್ನೂ ಎರಡೂ ಆವೃತ್ತಿಗಳಲ್ಲಿ ಉಳಿಸಿಕೊಂಡು ಹೋಲಿಸಬೇಕು. ಆಮೇಲೆ ಬೈಸೆಕ್ಟ್. ಕರ್ನೆಲ್ ಕಟ್ಟಲು ತಾಸುಗಳೇ ಹಿಡಿಯಬಹುದು. ತನ್ನ ಯಂತ್ರಕ್ಕೆ ಬೇಕಾದ ಭಾಗಗಳನ್ನಷ್ಟೇ ಆರಿಸಿಕೊಂಡರೆ ಹೊತ್ತು ಉಳಿಯುತ್ತದೆ.

ಬಳಕೆದಾರರಿಗೆ ಸರಿಯಾಗಿ ನಡೆಯುತ್ತಿದ್ದುದನ್ನು ಹೊಸ ಬದಲಾವಣೆ ಕೆಡಿಸಕೂಡದು ಎಂಬುದು ಲಿನಕ್ಸ್ ಬಳಗದ ಮೊದಲ ಕಟ್ಟಳೆ. ಇಂಥ ಬದಲಾವಣೆಯಿಂದಲೇ ಕೆಟ್ಟಿತು ಎಂದು ಪರೀಕ್ಷೆ ಮಾಡಿ ತೋರಿಸಿದವರ ಮಾತನ್ನು, ಅವರು ಯಾವ ಊರಿನವರೇ ಆಗಿರಲಿ, ಅಲ್ಲಿ ಕೇಳಲೇಬೇಕಾಗುತ್ತದೆ.