ಹೃದಯದ ಕಾಯ್ದೆ ಕೇಳುವುದು ಜತ್ತದವರ ಕೆಲಸವೂ ಹೌದು

ಜತ್ತ ತಾಲೂಕಿನ ಉಮದಿ, ಸಂಖ, ತಿಕ್ಕುಂಡಿ ಕಡೆಯ ಊರುಗಳಲ್ಲಿ ಮನೆಮಾತು ಕನ್ನಡ, ಸರಕಾರ ಮಹಾರಾಷ್ಟ್ರದ್ದು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮೊದಲು ‘ಗ್ಯಾಸ್ ಆಗಿರಬೇಕು’ ಎಂದು ಸೋಡಾ ಕುಡಿಸುತ್ತಾರೆ. ಬೆವರು ನಿಲ್ಲದಿದ್ದಾಗ ಜೀಪು ಬರುತ್ತದೆ. ಮೀರಜಕ್ಕೋ, ವಿಜಯಪುರಕ್ಕೋ, ಸೊಲ್ಲಾಪುರಕ್ಕೋ ಎಂಬ ಚರ್ಚೆ ಅಂಗಳದಲ್ಲೇ ಶುರುವಾಗುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡಿದ್ದರೆ ಆ ಚರ್ಚೆಯ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಇದಕ್ಕೆ ರಾಜ್ಯಮಟ್ಟದ ಕಾಯ್ದೆ ಬೇಕು ಎಂದು ಹೇಳಿದಾಗ ಕೇಳಿಬರುವ ಮಾತುಗಳಲ್ಲಿ ಕೆಲವು ತಪ್ಪು. ಅವನ್ನು ಒಂದೊಂದಾಗಿ ನೋಡೋಣ.

“ಆರೋಗ್ಯದ ಕಾಯ್ದೆ ಅಂದ್ರ ದಿಲ್ಲಿಯವರ ಕೆಲಸ.”

ಅಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 6ನೇ ನಮೂದು ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಮತ್ತು ದವಾಖಾನೆಗಳದ್ದು. ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ಏನಿರಲೇಬೇಕು, ಖಾಸಗಿಯವರು ತುರ್ತಿನಲ್ಲಿ ಏನು ಮಾಡಲೇಬೇಕು ಎಂದು ಬರೆಯುವ ಅಧಿಕಾರ ಮುಂಬೈಯ ವಿಧಾನಮಂಡಳಕ್ಕಿದೆ. ಮಹಾರಾಷ್ಟ್ರ ವಿಧಾನಸಭೆಯ 288 ಕ್ಷೇತ್ರಗಳಲ್ಲಿ 288ನೆಯದೇ ಜತ್ತ. ಪಟ್ಟಿಯಲ್ಲಿ ಕೊನೆಯದಾದರೂ ಸಭೆಯಲ್ಲಿ ಅದರ ಮತ ಮಿಕ್ಕ ಕ್ಷೇತ್ರಗಳ ಮತದಷ್ಟೇ ತೂಕದ್ದು.

“ನಾವು ಕನ್ನಡದವ್ರು. ಮರಾಠಿಯೊಳಗ ಅರ್ಜಿ ಬರಿಯಾಕ ಬರೂದಿಲ್ಲ, ಬರದ್ರೂ ಯಾರು ಓದ್ತಾರ?”

ಸಂವಿಧಾನದ 350ನೇ ವಿಧಿಯನ್ನು ಗಡಿಭಾಗದ ಪ್ರತಿ ಗ್ರಾಮಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು ಎಂದು ನನಗನಿಸುತ್ತದೆ. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ದೇಶದಲ್ಲಿ ಇಲ್ಲವೇ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡುವ ಹಕ್ಕು ಎಲ್ಲರಿಗೂ ಇದೆ ಎನ್ನುತ್ತದೆ ಅದು. ಅಂದಮೇಲೆ ಕನ್ನಡದ ಅರ್ಜಿಯನ್ನು ಭಾಷೆಯ ಕಾರಣ ಹೇಳಿ ಹಿಂದಿರುಗಿಸಲು ಬರುವುದಿಲ್ಲ. ಕೆಲಸ ಬೇಗ ಆಗಲೆಂದು ಜೊತೆಗೊಂದು ಮರಾಠಿ ಪ್ರತಿ ಇಟ್ಟರೆ ಒಳ್ಳೆಯದು. ಎರಡೂ ಭಾಷೆ ಬಲ್ಲ ಮಾಸ್ತರರು, ಕಾಲೇಜಿನ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲಿ ಸಾಕಷ್ಟಿದ್ದಾರೆ.

“ಯೋಜನಾ ಅದಾವಲ್ಲ, ಮತ್ತ ಕಾಯ್ದೆ ಯಾಕ?”

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ಮಾತು ಇದೇ. 2012ರಲ್ಲಿ ಮಹಾರಾಷ್ಟ್ರದ ಎಂಟು ಜಿಲ್ಲೆಗಳಲ್ಲಿ ರಾಜೀವ್ ಗಾಂಧಿ ಜೀವನದಾಯಿ ಹೆಸರಲ್ಲಿ ಶುರುವಾದ ಯೋಜನೆ 2017ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಾಯಿತು. ಅದರಿಂದ ಬಡವರ ಹೃದಯ ಶಸ್ತ್ರಚಿಕಿತ್ಸೆಗಳು ನಡೆದಿವೆ, ಆ ಉಪಕಾರ ದೊಡ್ಡದು. ಆದರೆ ಅದು ನೆರವಿಗೆ ಬರುವುದು ರೋಗಿ ದೊಡ್ಡ ಆಸ್ಪತ್ರೆ ಮುಟ್ಟಿದ ಮೇಲೆ. ಜೀವ ಉಳಿಯುತ್ತದೋ ಇಲ್ಲವೋ ಎಂಬುದು ಬಹುಪಾಲು ಮೊದಲ ಒಂದೆರಡು ತಾಸಿನಲ್ಲೇ ತೀರ್ಮಾನವಾಗಿರುತ್ತದೆ.

ಆ ತಾಸಿನಲ್ಲಿ ಏನಾಗಬೇಕು ಎಂಬುದಕ್ಕೆ ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನೋಡಬೇಕು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ತೀರಿಹೋದ ನಟನ ಹೆಸರಿನಲ್ಲಿ, ಜಯದೇವ ಹೃದ್ರೋಗ ಸಂಸ್ಥೆಯ ಜೊತೆಗೂಡಿ ನಡೆಯುವ ಕೆಲಸ. ತಾಲೂಕು ಆಸ್ಪತ್ರೆಯಲ್ಲಿ ಎದೆಗೆ ಆರು, ಕೈಕಾಲಿಗೆ ನಾಲ್ಕು ಬಿಂದು ಅಂಟಿಸಿ ಇಸಿಜಿ ತೆಗೆಯುತ್ತಾರೆ. ಆ ಪಟ್ಟಿ ದೂರದ ತಜ್ಞರಿಗೆ ಹೋಗುತ್ತದೆ. ನಾಳ ಪೂರ್ತಿ ಕಟ್ಟಿದೆ ಎಂದು ಅವರು ಹೇಳಿದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಆಂಬುಲೆನ್ಸ್ ಹೊರಡುವುದು ಆಮೇಲೆ.

ಇದೂ ಯೋಜನೆಯೇ. ಸರಕಾರಿ ಆದೇಶ ಮತ್ತು ಆ ವರ್ಷದ ಬಜೆಟ್ಟಿನ ಬಲದ ಮೇಲೆ ನಿಂತಿದೆ. ಕಾಯ್ದೆಯ ಬಲ ಬೇರೆ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಮತ್ತು ಅದರ 2017ರ ತಿದ್ದುಪಡಿ ಪ್ರಕಾರ, ತುರ್ತಿನಲ್ಲಿ ಬಂದ ರೋಗಿಗೆ ಜೀವರಕ್ಷಕ ಚಿಕಿತ್ಸೆ ಕೊಡಲೇಬೇಕು, ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು. ಈ ಹೊಣೆ ಇರುವುದು ಆಸ್ಪತ್ರೆಯ ಮೇಲೆ. ಆದ್ದರಿಂದ ಸಂಖದಿಂದ ವಿಜಯಪುರಕ್ಕೆ ಹೋದ ರೋಗಿಗೂ ಅದು ಸಲ್ಲುತ್ತದೆ, ರೇಶನ್ ಕಾರ್ಡು ಯಾವ ರಾಜ್ಯದ್ದು ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಯೋಜನೆಗಳಾದರೋ ಗಡಿಯನ್ನು ಮೊದಲು ನೋಡುತ್ತವೆ. 2023ರಲ್ಲಿ ಮಹಾರಾಷ್ಟ್ರ ಕರ್ನಾಟಕದೊಳಗಿನ 865 ಊರುಗಳಿಗೆ ತನ್ನ ಆರೋಗ್ಯ ಯೋಜನೆ ಚಾಚಲು ಹೊರಟಾಗ ಎರಡೂ ಕಡೆ ಎದ್ದದ್ದು ಗಡಿಯ ಜಗಳ. ಎದೆನೋವಿನ ರೋಗಿಯ ಸುದ್ದಿ ಅದರಲ್ಲಿ ಮುಳುಗಿಹೋಯಿತು.

“ದವಾಖಾನಿಯವ್ರು ಒಳಗ ತಗೊಳ್ಳಲಿಲ್ಲಂದ್ರ ಏನೂ ಮಾಡಾಕ ಬರೂದಿಲ್ಲ.”

ಜೀವ ಉಳಿಸುವುದು ಸರಕಾರಿ, ಖಾಸಗಿ ಎಲ್ಲ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. 1996ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ, ಸರಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ಕೊಡದಿದ್ದರೆ 21ನೇ ವಿಧಿಯ ಜೀವಿಸುವ ಹಕ್ಕಿಗೇ ಭಂಗ ಎಂದಿತು. ಆ ಪ್ರಕರಣದಲ್ಲಿ, ರೈಲಿನಿಂದ ಬಿದ್ದ ಮನುಷ್ಯನೊಬ್ಬನನ್ನು ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಗಳು ಹೊರಗೆ ಕಳಿಸಿದ್ದವು. ರಾಜಸ್ಥಾನ 2023ರಲ್ಲಿ ಆರೋಗ್ಯದ ಹಕ್ಕಿಗೇ ಒಂದು ಕಾಯ್ದೆ ಮಾಡಿತು. ಮಹಾರಾಷ್ಟ್ರದಲ್ಲಿ ಯಾಕೆ ಆಗಬಾರದು?

“ಹೃದಯಾಘಾತ ಹೆಚ್ಚಾಗಿದ್ದು ಕೊರೊನಾ ಲಸಿಕೆಯಿಂದ.”

2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ನಂತರ ಕರ್ನಾಟಕದ ತಜ್ಞರ ಸಮಿತಿ ಇದನ್ನೇ ಪರಿಶೀಲಿಸಿತು. ಲಸಿಕೆಗೂ ಸಾವಿಗೂ ನೇರ ನಂಟು ಕಾಣಲಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ತಂಬಾಕು ಎಂಬ ಹಳೆಯ ಕಾರಣಗಳನ್ನು ಬಿಟ್ಟು ಲಸಿಕೆಯ ಬೆನ್ನು ಹತ್ತಿದರೆ ನಷ್ಟ ನಮಗೇ.

“ಗುಟಕಾ ಬಂದ್ ಮಾಡಿ ಏನಾತು? ಕಾಯ್ದೆಯಿಂದ ಏನೂ ಆಗೂದಿಲ್ಲ.”

ಮಹಾರಾಷ್ಟ್ರದಲ್ಲಿ ಗುಟಕಾ ನಿಷೇಧವಾದದ್ದು 2012ರ ಜುಲೈನಲ್ಲಿ, ಕರ್ನಾಟಕದಲ್ಲಿ 2013ರ ಮೇ ಕೊನೆಗೆ. ನಡುವಿನ ಹತ್ತು ತಿಂಗಳು ಜತ್ತದಲ್ಲಿ ಅಪರಾಧವಾದ ಪುಡಿಕೆ ಗಡಿಯಾಚೆ ರಾಜಾರೋಷವಾಗಿ ಮಾರಾಟಕ್ಕಿತ್ತು. ಇನ್ನೊಂದು ವಿಷಯ: ಈ ನಿಷೇಧ ಹೊರಡುವುದು ಆಹಾರ ಸುರಕ್ಷತಾ ಕಾಯ್ದೆಯಡಿಯ ಆದೇಶವಾಗಿ, ಅದರ ಆಯುಷ್ಯ ಹೆಚ್ಚೆಂದರೆ ಒಂದು ವರ್ಷ. ಆಮೇಲೆ ಮತ್ತೆ ಹೊರಡಿಸಬೇಕು. ಕಾಯ್ದೆ ಹಾಗಲ್ಲ. ಕರ್ನಾಟಕದ ತಂಬಾಕು ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದು, ಅಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ತಂಬಾಕು ಎಂದರೆ ಗುಟಕಾ ಒಂದೇ ಅಲ್ಲ. ನಮ್ಮ ಕಡೆ ಹೆಂಗಸರು ನಸುಕಿನಲ್ಲಿ ಒಲೆಯ ಮುಂದೆ ಕೂತು ಹಲ್ಲಿಗೆ ತಿಕ್ಕುವ ಮಿಸ್ರಿ ಹುರಿದ ತಂಬಾಕೇ. ಅದನ್ನು ಯಾರೂ ಚಟವೆಂದು ಎಣಿಸುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಮಹಾರಾಷ್ಟ್ರದ ವಯಸ್ಕರಲ್ಲಿ ನಾಲ್ವರಲ್ಲಿ ಒಬ್ಬರಿಗೂ ಹೆಚ್ಚು ಮಂದಿ ತಂಬಾಕು ಬಳಸುತ್ತಾರೆ, ಅವರಲ್ಲಿ ಬಹುಪಾಲು ಜನ ಬಳಸುವುದು ಇಂಥ ಹೊಗೆಯಿಲ್ಲದ ತಂಬಾಕನ್ನೇ.

“ಒಬ್ಬ ಆಮದಾರರಿಗೆ ನಿವೇದನ ಕೊಟ್ಟು ಫೋಟೊ ತಗಸಿದ್ರ ಮುಗೀತು.”

ಅಷ್ಟಕ್ಕೆ ಮುಗಿಯುವುದಿಲ್ಲ. ಮೊದಲು ಗ್ರಾಮಸಭೆಯಲ್ಲಿ ಠರಾವು ಆಗಲಿ. ಅದರಲ್ಲಿ ಮೂರು ಬೇಡಿಕೆ ಸ್ಪಷ್ಟವಾಗಿ ಇರಲಿ: ಪ್ರತಿ ಗ್ರಾಮೀಣ ಆಸ್ಪತ್ರೆಯಲ್ಲಿ ಹಗಲು ರಾತ್ರಿ ಇಸಿಜಿ ಮತ್ತು ಹೆಪ್ಪು ಕರಗಿಸುವ ಮದ್ದು ಕಡ್ಡಾಯ, ಮುಂಗಡವಿಲ್ಲದೆ ತುರ್ತು ಚಿಕಿತ್ಸೆ, ಗಡಿ ತಾಲೂಕಿನ ರೋಗಿ ಪಕ್ಕದ ರಾಜ್ಯದಲ್ಲಿ ದಾಖಲಾದರೂ ಖರ್ಚು ತನ್ನ ರಾಜ್ಯದ್ದು. ಊರಲ್ಲಿ ಎದೆನೋವಿನಿಂದ ಸತ್ತವರ ಹೆಸರು ಬೇಡ. ನೋವು ಶುರುವಾದ ಹೊತ್ತು, ಮೊದಲ ಇಸಿಜಿ ಆದ ಹೊತ್ತು, ಎಷ್ಟು ಆಸ್ಪತ್ರೆ ತಿರುಗಿದರು ಎಂಬುದಷ್ಟನ್ನು ಲಗತ್ತಿಸಿ. ಒಂದು ಪ್ರತಿ ಆಮದಾರರಿಗೆ, ಅಂದರೆ ಶಾಸಕರಿಗೆ, ಒಂದು ವಿಧಾನಮಂಡಳದ ವಿನಂತಿ ಅರ್ಜ ಸಮಿತಿಗೆ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇರುತ್ತದೆ, ಆಮದಾರರು ಅಲ್ಲಿ ಕೇಳುವ ಪ್ರಶ್ನೆಗಳನ್ನು ಮೊದಲೇ ಕಳಿಸಿರಬೇಕು. ಹಾಗಾಗಿ ಅಕ್ಟೋಬರ್ 2ರ ಗ್ರಾಮಸಭೆಯಲ್ಲೇ ಠರಾವು ಪಾಸಾಗಬೇಕು.